ಮೊಣಕಾಲೆತ್ತರದ ಸೇವಂತಿಗೆ

ನಮ್ಮೂರು ಬೀಡಿಯಲ್ಲಿ, ನಮ್ಮ ಬಾಜು ಮನೆಯ ಮಾಯಕ್ಕನಷ್ಟು ಅಂಜುಬುರುಕಿಯನ್ನು ನಾನು ಕಂಡಿಲ್ಲ. ಹಲ್ಲಿ ಲೊಚಗುಟ್ಟಿದರೂ ಅಂಜಿಕೆ, ಮಧ್ಯಾಹ್ನ ಫೋನು ಬಂದರೂ ಅಂಜಿಕೆ. ಆಕೆ ಮನೆಯ ಮುಂದೆ ಸೇವಂತಿಗೆ ಬೆಳೆಯುವುದೂ ಅದಕ್ಕೇ. ಗಿಡ ಮೊಣಕಾಲು ದಾಟುವುದಿಲ್ಲ. ಏನೇ ನುಗ್ಗಿದರೂ ಬಾಗಿಲಿನಿಂದಲೇ ಕಾಣುತ್ತದೆ. ಸುತ್ತೆಲ್ಲ ಕಬ್ಬು. ಆರು ವರ್ಷದ ಹಿಂದೆ ಆಕೆಯ ಗಂಡನ ಮೇಲೆ ಕರಡಿ ಬಿದ್ದದ್ದು ಕಬ್ಬಿನೊಳಗಿಂದಲೇ. ಆತ ಉಳಿಯಲಿಲ್ಲ. ಹಾಗಾಗಿ ಆಕೆಯ ಅಂಜಿಕೆಗೆ ನಾವು ನಗುತ್ತೇವೆ, ಆದರೆ ಪೂರ್ತಿ ನಗುವುದಿಲ್ಲ.

ಈ ವರ್ಷ ಗಣೇಶನ ಹಬ್ಬ ಮುಗಿದರೂ ಮೊಗ್ಗಿಲ್ಲ. ನಂದಗಡದವರ ಗಿಡಗಳು ಆಗಲೇ ಮೊಗ್ಗಾಗಿದ್ದವು. ಜಮೀನಿನ ಪಾಲುದಾರ, ಮೈದುನ ಲಕ್ಷ್ಮಪ್ಪ ಬಂದು ನೋಡಿದ.

"ವೈನಿ, ದಸರಾಕ್ಕೂ ಮೊಗ್ಗಿ ಕಾಣಲಿಲ್ಲಂದ್ರ ಕಿತ್ತ ಕಬ್ಬ ಹಚ್ಚೂದ. ಮನಿ ಬಾಗಲತನಾ."

ಅವತ್ತಿನಿಂದ ಮಾಯಕ್ಕನಿಗೆ ಊಟ ಸೇರಲಿಲ್ಲ. ಗೊಬ್ಬರ ಹಾಕಿದಳು, ದೃಷ್ಟಿ ತೆಗೆದಳು. ಒಂದು ಬೆಳಿಗ್ಗೆ ಮೇವು ಹಿರಿಯಲು ಬಣಿವೆಯ ಹಿಂದೆ ಹೋದರೆ, ಅಲ್ಲಿನ ಒಂದೇ ಸಾಲಿನ ತುಂಬ ಮೊಗ್ಗು! ಅದೇ ಸಸಿ, ಅದೇ ನೀರು. ಆದರೆ ಆ ಸಾಲಿಗೆ ಲೈಟಿನ ಬೆಳಕು ತಾಗುವುದಿಲ್ಲ. ಅವ್ವ ಅಂಜುತ್ತಾಳೆಂದು ವಡಗಾವಿಯಲ್ಲಿರುವ ಮಗಳು ಮಾಲಾ ಈ ಯುಗಾದಿಗೆ ಹಾಕಿಸಿಕೊಟ್ಟ ಲೈಟು ಅದು. ಸಂಜೆಯಿಂದ ಬೆಳಗಿನವರೆಗೆ ಉರಿಯುತ್ತಿತ್ತು. ಹೂವಿಗೆ ಕತ್ತಲೆ ಬೇಕೆಂದು ಯಾರೂ ಹೇಳದೆ ತಾನೇ ಕಂಡುಕೊಂಡಳು. ಕಂಡುಕೊಂಡು ಅಲ್ಲೇ ಕೂತು ಅತ್ತಳು.

ಮಾಲಾ ಫೋನಿನಲ್ಲಿ ಬೈದಳು. "ಲೈಟ್ ಆರಿಸಬ್ಯಾಡವ್ವಾ. ಹೂವ ಹೋದ್ರ ಹೋಗ್ಲಿ."

"ಹೂವ ಹೋದ್ರ ಕಬ್ಬ ಬರತೈತಿ," ಎಂದಳು ಮಾಯಕ್ಕ.

ಲೈಟು ಆರಿತು. ಸಂಡಾಸ ಇರುವುದು ತೋಟದ ಆ ತುದಿಗೆ, ಹಾಗಾಗಿ ನಾಲ್ಕು ಗಂಟೆಯ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಳು. ಕತ್ತಲಾದೊಡನೆ ಅಗಳಿ ಹಾಕಿ, ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಎದೆಬಡಿತ ಬಾಗಿಲಿಗೂ ಕೇಳಿಸುತ್ತದೇನೋ ಅನ್ನಿಸುತ್ತಿತ್ತಂತೆ.

ದಸರೆಯ ಸಂಜೆ ಬನ್ನಿ ಕೊಡಲು ಲಕ್ಷ್ಮಪ್ಪ ಬಂದ. ಪ್ರತಿ ಸಾಲಿನಲ್ಲೂ ಮೊಗ್ಗು. ಬಗ್ಗಿ ಮುಟ್ಟಿ ನೋಡಿ, "ಆತು, ಕಬ್ಬ ಬ್ಯಾಡ ಬಿಡ್ರಿ," ಎಂದ. ಚಹಾ ಕುಡಿದು ಏಳುವಷ್ಟರಲ್ಲಿ ಕತ್ತಲಾಗಿತ್ತು. ಅವನ ಮೊಬೈಲಿನ ಚಾರ್ಜು ಮುಗಿದಿತ್ತು.

"ಲೈಟ್ ಹಚ್ಚರಿ ವೈನಿ. ಏನೂ ಕಾಣವಲ್ದು."

"ಹಚ್ಚಂಗಿಲ್ಲ. ನಾ ಮುಂದ ನಡೀತೇನಿ, ಬಾ."

ಅವನನ್ನು ರಸ್ತೆಯವರೆಗೆ ಬಿಟ್ಟಳು. ಗಾಡಿಯ ಸದ್ದು ದೂರವಾಯಿತು. ವಾಪಸು ಒಬ್ಬಳೇ ಹೋಗಬೇಕೆಂಬುದು ಆಕೆಗೆ ಹೊಳೆದದ್ದು ಆಗ. ಪಕ್ಕದ ಹೊಲದ ಕಬ್ಬು ಸರಗುಟ್ಟಿತು. ಸೀರೆ ಎತ್ತಿ ಹಿಡಿದು, "ಯವ್ವಾ ಯವ್ವಾ" ಎನ್ನುತ್ತ ಸಾಲುಗಳ ನಡುವೆ ಓಡಿದಳು. ಬಾಗಿಲು ಧಡಾರನೆ ಮುಚ್ಚಿದ್ದು ನಮ್ಮ ಮನೆಗೂ ಕೇಳಿಸಿತು.

ಬೆಳಿಗ್ಗೆ ಹೋಗಿ ನೋಡಿದೆ. ಒಂದು ಗಿಡವನ್ನೂ ತುಳಿದಿರಲಿಲ್ಲ.