ನೆಲೋಗಿಯ ಕೈ ಮಷೀನು

ಎಂಬತ್ತರ ದಶಕದಲ್ಲಿ ನಾನು ಜೇವರ್ಗಿಯಲ್ಲಿ ಮಾಸ್ತರನಾಗಿದ್ದೆ. ಹಳೆಯ ಹೊಲಿಗೆ ಮಷೀನು ಕೂಡಿಡುವ ಹುಚ್ಚು ಹತ್ತಿತ್ತು. ನೆಲೋಗಿಯ ಒಂದು ಮನೆಯ ಪಡಸಾಲೆಯಲ್ಲಿ ಹೆಣ್ಣುಮಗಳೊಬ್ಬಳು ನೆಲದ ಮೇಲೆ ಕೂತು, ಕೈಯಿಂದ ಚಕ್ರ ತಿರುಗಿಸುವ ಮಷೀನಿನಲ್ಲಿ ಕೂಸಿನ ತಲೆಗೆ ಹಾಕುವ ಕುಂಚಿಗೆ ಹೊಲಿಯುತ್ತಿದ್ದಳು. ಮಷೀನಿನ ಮೇಲಿನ ಬಂಗಾರ ಬಣ್ಣದ ಬಳ್ಳಿ ಇನ್ನೂ ಮಾಸಿರಲಿಲ್ಲ. ನಾನು ಕೇಳಿದ್ದು ಅವಳನ್ನಲ್ಲ, ಅವಳ ಅಣ್ಣನನ್ನು. ಅದರ ಬದಲಿಗೆ ಕಾಲಿನಿಂದ ತುಳಿಯುವ ಹೊಚ್ಚ ಹೊಸ ಮಷೀನು ಕೊಡುತ್ತೇನೆಂದೆ. ಹೊಸದು ಎಂದ ಕೂಡಲೇ ಅವನ ಮುಖ ಅರಳಿತು.

“ಒಯ್ರಿ ಸರ, ಹಳೇದು ಇಟ್ಕೊಂಡು ಏನ್ ಮಾಡೋದದ.”

ಅವಳು ದಾರವನ್ನು ಹಲ್ಲಿನಿಂದ ಕಡಿದು, ಮಷೀನು ಒರೆಸಿ ನನ್ನತ್ತ ಸರಿಸಿದಳು. ನಾನು ದಾನ ಮಾಡಿದವನ ಹಾಗೆ ಬೀಗುತ್ತ ಬಸ್ಸು ಹತ್ತಿದೆ.

ಹೊಸದನ್ನು ವಾರದೊಳಗೆ ಅಂಗಡಿಯವರ ಕೈಲಿ ಕಳಿಸಿಕೊಟ್ಟೆ. ಹಳೆಯದರ ಕಟ್ಟಿಗೆ ಮುಚ್ಚಳ ಅಲ್ಲೇ ಉಳಿದಿತ್ತು. ಆರು ತಿಂಗಳ ಮೇಲೆ ಅದಕ್ಕಾಗಿ ಮತ್ತೆ ಹೋದೆ. ಹೊಸ ಮಷೀನಿನ ಮೇಲೆ ಕೌದಿಗಳನ್ನು ಒಟ್ಟಿದ್ದರು. ಒಳಗಿನಿಂದ ಅವಳು ಸೊರಗಿದ ಎರಡೂ ಕಾಲು ಎಳೆದುಕೊಳ್ಳುತ್ತ, ಮುಚ್ಚಳವನ್ನು ಮುಂದೆ ನೂಕುತ್ತ ತೆವಳಿಕೊಂಡು ಬಂದಳು. ಹಿಂದಿನ ಸಲ ಅವಳು ಕೂತಲ್ಲಿಂದ ಒಮ್ಮೆಯೂ ಎದ್ದಿರಲಿಲ್ಲ ಎಂಬುದು ನನಗೆ ಆಗ ಹೊಳೆಯಿತು.

“ಅವತ್ತೇ ಯಾಕ ಹೇಳ್ಲಿಲ್ಲ ತಂಗಿ?” ಅಂದೆ.

“ಅಣ್ಣ ಹೂಂ ಅಂದಮ್ಯಾಲ ನಾ ಏನ್ ಹೇಳ್ಲಿರಿ ಸರ. ನೀವೂ ನನಗ ಕೇಳ್ಲಿಲ್ಲ.”

ಹಳೆಯದನ್ನು ತಿರುಗಿ ತಂದುಕೊಡುತ್ತೇನೆ ಎಂಬ ಮಾತು ಬಾಯಿತನಕ ಬಂದಿತ್ತು. ಆಡಲಿಲ್ಲ. ಮುಚ್ಚಳವನ್ನು ಬಗಲಲ್ಲಿ ಇಟ್ಟುಕೊಂಡು ಬಂದುಬಿಟ್ಟೆ.

ನನ್ನ ಹತ್ತಿರ ಇರುವ ಅಷ್ಟೂ ಮಷೀನುಗಳಲ್ಲಿ ಮುಚ್ಚಳ ಸಮೇತ ಇರುವುದು ಇವತ್ತಿಗೂ ಅದೊಂದೇ.