ತನ್ನ ಗಾಡಿಗೆ ತಾನೇ ಮೆಕ್ಯಾನಿಕ್

ಅಂಚೆ ಕಚೇರಿಯ ಗುಮಾಸ್ತರು ಹದಿನೆಂಟು ವರ್ಷಗಳಿಂದ ತಮ್ಮ ಮೋಟಾರ್ ಸೈಕಲ್ಲಿಗೆ ಬೇರೆಯವರ ಕೈ ತಾಗಿಸಿಲ್ಲ. "ಗಾಡಿ ಓಡಿಸೋನಿಗೆ ಗಾಡಿ ಬಿಚ್ಚೋಕೂ ಬರಬೇಕು ಕಣ್ರೀ" ಎಂದು ಸ್ಟ್ಯಾಂಪು ಕೊಳ್ಳಲು ಬಂದವರಿಗೂ ಉಪದೇಶ ಮಾಡುತ್ತಾರೆ. ಭಾನುವಾರ ಬೆಳಗಾಯಿತೆಂದರೆ ಅಂಗಳದಲ್ಲಿ ಹಳೆಯ ಪತ್ರಿಕೆ ಹಾಸಿ, ಕಾರ್ಬ್ಯುರೇಟರ್ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಊದಿ, ಮತ್ತೆ ಜೋಡಿಸುತ್ತಾರೆ. ಪ್ರತಿ ಸಲವೂ ಒಂದೆರಡು ನಟ್ಟು ಮಿಕ್ಕುತ್ತವೆ. "ಇವೆಲ್ಲಿಂದ ಬಂದ್ವು ರೀ?" ಎಂದು ಹೆಂಡತಿ ಕೇಳಿದರೆ, "ಕಂಪನಿಯವರು ಸುಮ್ನೆ ಜಾಸ್ತಿ ಹಾಕಿರ್ತಾರೆ ಬಿಡೇ" ಎನ್ನುತ್ತಾರೆ. ಸೋಮವಾರ ಗಾಡಿ ನಡುರಸ್ತೆಯಲ್ಲಿ ಕೈಕೊಟ್ಟರೂ ಅವರಿಗೆ ಬೇಸರವಿಲ್ಲ. ಸೀಟು ಎತ್ತಿ ಸ್ಪ್ಯಾನರ್ ತೆಗೆದು, ನೋಡಲು ನಿಂತವರಿಗೆ ಪ್ಲಗ್ಗಿನ ಪಾಠ ಶುರುಮಾಡುತ್ತಾರೆ. ಹೋದ ತಿಂಗಳು ಮಗಳು ಕೆಲಸಕ್ಕೆ ಹೋಗಿಬರಲು ಹಳೆಯ ಸ್ಕೂಟರೊಂದನ್ನು ಕೊಂಡಳು. ಅದರ ಬ್ರೇಕು ಸರಿಯಾಗಿ ಹಿಡಿಯುತ್ತಿರಲಿಲ್ಲ. ಗುಮಾಸ್ತರು ಅದರ ಮುಂದೆ ಅರ್ಧ ಗಂಟೆ ಕುಕ್ಕರುಗಾಲಿನಲ್ಲಿ ಕೂತರು. ಬಿಚ್ಚಲು ಮಾತ್ರ ಕೈ ಏಳಲಿಲ್ಲ. ಕೊನೆಗೆ ಅದನ್ನು ತಳ್ಳಿಕೊಂಡು, ಇಷ್ಟು ದಿನ ಮುಖ ತಿರುಗಿಸಿ ದಾಟುತ್ತಿದ್ದ ಬೀದಿ ಕೊನೆಯ ಗ್ಯಾರೇಜಿಗೆ ಹೋದರು. "ಏನ್ ಸಾರ್, ಐದು ನಿಮಿಷದ ಕೆಲಸ, ನಿಮಗೆ ಬರಲ್ವಾ?" ಎಂದ ಮೆಕ್ಯಾನಿಕ್. "ಬರುತ್ತಪ್ಪಾ" ಎಂದರು ಗುಮಾಸ್ತರು, ಹ್ಯಾಂಡಲ್ ಬಿಡದೆ. "ಆದ್ರೆ ಇದನ್ನ ಓಡಿಸೋಳು ನನ್ನ ಮಗಳು. ನೀನೇ ನೋಡು."