ಒಂದೇ ಕೈಯಿಂದ ತೊಡುವ ಅಂಗಿ

ಅಥವಾ ಗುಂಡುಪಿನ್ನುಗಳು ಆಗ ಇರಲೇ ಇಲ್ಲವೇನೋ. ತುಟಿಗಳ ನಡುವೆ ಮೂರು ಪಿನ್ನು ಕಚ್ಚಿಕೊಂಡು, ಬಲಗೈಯನ್ನು ಬೇರೆ ಯಾರದೋ ವಸ್ತುವಿನಂತೆ ಮೇಜಿನ ಮೇಲಿಟ್ಟು ಕುಳಿತ ಟೇಲರ್ ಕಾಕಾ ನನಗೆ ಕಾಣುತ್ತಾರೆ. ಈ ಚಿತ್ರ ಸುಳ್ಳಿರಬೇಕು. ಪಾರ್ಶ್ವವಾಯು ಬಡಿದ ಮೇಲೆ ಅವರ ಬಾಯಿಯ ಒಂದು ಬದಿ ಜೋತುಬಿದ್ದಿತ್ತು, ಪಿನ್ನು ನಿಲ್ಲುವಂತಿರಲಿಲ್ಲ. ಎರಡು ಕಾಲದ ಕಾಕಾಗಳನ್ನು ನಾನು ಒಬ್ಬರನ್ನಾಗಿ ಮಾಡಿಕೊಂಡಿದ್ದೇನೆ. ಇರಲಿ.

ಬೆಳಗಾವಿ ಕಡೆಯವರು. ಪುಣೆ ಕ್ಯಾಂಪಿನ ಸಂದಿಯಲ್ಲಿ ಅಂಗಡಿ. ನನ್ನ ಶಾಲೆಯ ಯೂನಿಫಾರ್ಮಿನಿಂದ ಹಿಡಿದು ಎಲ್ಲವನ್ನೂ ಅವರೇ ಹೊಲಿದದ್ದು. ಟ್ರಾಯಲ್ ಆಗದೆ ಬಟ್ಟೆ ಕೊಡುತ್ತಿರಲಿಲ್ಲ.

"ನಿಂತ್ರ ಎಲ್ಲಾ ಅಂಗೀನೂ ಚಂದನ ಕಾಣ್ತಾವ, ತಂಗಿ. ಕುಂದರು, ನೋಡೂಣು."

ನಾನೂ ಗೆಳತಿಯೂ ಸ್ಟಾರ್ಟಪ್ ಶುರುಮಾಡಿದ್ದು ಅವರ ಕಾಯಿಲೆಯ ಮರುವರ್ಷ. ಒಂದೇ ಕೈಯಿಂದ ತೊಡಬಹುದಾದ ಅಂಗಿ, ಗುಂಡಿಗಳ ಬದಲು ಅಯಸ್ಕಾಂತ. ಆಸ್ಪತ್ರೆಯೊಂದು ಕೊಳ್ಳಲು ಸಿದ್ಧವಿತ್ತು. ತಿಳಿನೀಲಿ ಬಣ್ಣ, ಎದೆಯ ಮೇಲೆ 'ರೋಗಿಗಳಿಗಾಗಿ' ಎಂಬ ಪಟ್ಟಿ ಇರಬೇಕೆಂಬುದು ಆಸ್ಪತ್ರೆಯವರ ಷರತ್ತು. ನಮ್ಮ ಧ್ಯೇಯವಾಕ್ಯವೂ ಅದೇ ಧಾಟಿಯದು: ರೋಗಿಗಳ ಬದುಕನ್ನು ಸುಲಭಗೊಳಿಸುವುದು. ಒಪ್ಪಿಕೊಂಡರೆ ಕಂಪನಿ ಉಳಿಯುತ್ತಿತ್ತು. ಅಂಥ ಮಾದರಿಯೊಂದನ್ನು ಕಾಕಾಗೆ ಒಯ್ದೆ.

ಎಡಗೈಯಲ್ಲಿ ತಿರುವಿ ನೋಡಿದರು. "ಯಾರ ಅಂಗಿ ಇದು?"

"ನಿಮ್ದ, ಕಾಕಾ."

"ನನ್ನ ಅಂಗೀಗೆ ಗುಂಡಿ ಇರ್ತಾವ."

ಮಷೀನಿನ ಹಿಂದಿನಿಂದ ಅವರ ಹೆಂಡತಿ, ಕಾಕು, ನಕ್ಕರು. "ದಿನಾ ಮುಂಜಾನೆ ಅವನ್ನ ಹಾಕಾಕಿ ನಾನು. ಸೊಕ್ಕು ನೋಡವಾ ಇವರದು!"

"ನೀ ಸುಮ್ನಿರ. ತಂಗಿ, ಇದನ್ನ ಹಾಕ್ಕೊಂಡು ಮದವೀಗೆ ಹೋದ್ರ, ದವಾಖಾನಿಯಿಂದ ಯಾವಾಗ ಬಂದ್ರಿ ಅಂತ ಕೇಳ್ತಾರ."

ನಾನು ಧ್ಯೇಯವಾಕ್ಯ ಓದಿ ಹೇಳಿದೆ. ಪೂರ್ತಿ ಕೇಳಲಿಲ್ಲ. "ರೋಗಿ ಅಂದ್ರ ಯಾರು? ನಾ ಗಿರಾಕಿ ಅದೀನಿ. ಗಿರಾಕಿಗೆ ಕೊಟ್ಟಂಗ ಟ್ರಾಯಲ್ ಕೊಡು."

ಅಂಗಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಎಡಗೈಯ ಬ್ಲೇಡಿನಿಂದ 'ರೋಗಿಗಳಿಗಾಗಿ' ಪಟ್ಟಿಯ ಹೊಲಿಗೆ ಬಿಚ್ಚಿದರು. ಮೇಲೆ ಗುಂಡಿ ಕಾಣಬೇಕು, ಅಯಸ್ಕಾಂತ ಒಳಗೆ ಅಡಗಿರಬೇಕು, ಬಟ್ಟೆ ಬಿಳಿಯದಾಗಿರಬೇಕು ಎಂದರು. ಆಮೇಲೆ ಟ್ರಾಯಲ್ ಮೇಲೆ ಟ್ರಾಯಲ್. ಪ್ರತಿ ಸಲವೂ ಪರದೆಯ ಹಿಂದೆ ಹೋಗುವರು. ಕಾಕುವೂ ಏನೋ ನೆಪದಿಂದ ಆ ಕಡೆ ಸರಿಯುವರು. ಸ್ವಲ್ಪ ಹೊತ್ತಿಗೆ ಗುಂಡಿಯೆಲ್ಲ ಕೂಡಿದ ಅಂಗಿಯಲ್ಲಿ ಹೊರಬಂದು, ಸ್ಟೂಲಿನ ಮೇಲೆ ಕುಳಿತು, "ಕಾಲರ್ ಬಿಗೀತದ" ಎನ್ನುವರು.

ಆಸ್ಪತ್ರೆಗೆ ಆಗುವುದಿಲ್ಲ ಎಂದುಬಿಟ್ಟೆ. ಗೆಳತಿ ಮರಾಠಿಯಲ್ಲಿ ಕೂಗಾಡಿದಳು: "ಒಬ್ಬ ಟೇಲರ್ ಹೇಳಿದನೆಂದು ಕಂಪನಿ ಮುಚ್ಚೋಣವೇ?" ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಹೊಸ ಧ್ಯೇಯವಾಕ್ಯವನ್ನು ಬರೆದವಳೂ ಅವಳೇ: 'ನಾವು ಅಂಗಿ ಮಾಡುತ್ತೇವೆ. ನೀವೇ ತೊಡಿ.' ಕಂಪನಿ ಮುಚ್ಚಲಿಲ್ಲ. ನಮ್ಮ ಅಂಗಿ ತೊಟ್ಟು ಜನ ಆಫೀಸಿಗೆ ಹೋಗುತ್ತಾರೆ, ಹೆಣ್ಣು ನೋಡಲು ಹೋಗುತ್ತಾರೆ. ಆ ನಿರ್ಧಾರದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ.

ಕಾಕಾ ಹೋದದ್ದು ಒಂದು ಬೆಳಿಗ್ಗೆ, ಅಂಗಡಿಗೆ ಹೊರಟು ನಿಂತಾಗ. ಸುದ್ದಿ ಕೇಳಿ ಓಡಿದೆ. ಮೈಮೇಲೆ ನಮ್ಮದೇ ಬಿಳಿ ಅಂಗಿ, ಕಾಲರಿನವರೆಗೂ ಕೂಡಿತ್ತು. ಕಾಕು ಪಕ್ಕದಲ್ಲಿ ಕುಳಿತಿದ್ದರು. ಕೇಳಬಹುದಿತ್ತು; ಕೇಳಲಿಲ್ಲ. ಆ ಅಂಗಿಯನ್ನು ಕಾಕಾ ಒಂದು ದಿನವಾದರೂ ಒಬ್ಬರೇ ತೊಟ್ಟಿದ್ದರೇ? ನನಗೆ ಗೊತ್ತಿಲ್ಲ.